ಗೂಡ್ಸ್ ಎಂಜಿನ್ನಿನ ಮೈಮೇಲೆ ಶೆಡ್ಡಿನ ರುಜು

ಕೃಷ್ಣರಾಜಪುರಂ ಎಂದೊಡನೆ ಬೆಂಗಳೂರಿಗರಿಗೆ ಮೊದಲು ನೆನಪಾಗುವುದು ಅಲ್ಲಿನ ತೂಗುಸೇತುವೆ ಮತ್ತು ಅದರ ಮೇಲೆ ಬೆಳಗು ಬೈಗು ನಿಂತುಬಿಡುವ ವಾಹನಗಳ ಸಾಲು. ವೈಟ್‌ಫೀಲ್ಡ್‌ನ ಕಚೇರಿಗಳಿಗೆ ಧಾವಿಸುವವರಿಗೆ ಸೇತುವೆಯ ಕೆಳಗೆ ಏನಿದೆ ಎಂದು ನೋಡುವ ವ್ಯವಧಾನ ಇರುವುದಿಲ್ಲ. ಕೆಳಗಿರುವುದು 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ ಬಂದ ರೈಲು ಹಾದಿ. ಆ ಹಾದಿಯ ಮಗ್ಗುಲಲ್ಲೇ 1983ರಲ್ಲಿ ಆರಂಭವಾದ ಡೀಸೆಲ್ ಲೋಕೋ ಶೆಡ್ ಇದೆ. ಇಲ್ಲಿ ನೆಲೆ ಪಡೆದ ಎಂಜಿನ್ನುಗಳ ಮೈಮೇಲೆ ಕೆ.ಜೆ.ಎಂ. ಎಂಬ ಮೂರು ಅಕ್ಷರಗಳನ್ನು ಬರೆದಿರುತ್ತಾರೆ. ಎಂಜಿನ್ನು ದೇಶದ ಯಾವ ಮೂಲೆಗೆ ಹೋದರೂ ಅದರ ತವರು ಯಾವುದೆಂದು ಹೇಳುವ ಅಕ್ಷರಗಳು ಅವು.

ಅಕ್ಷರ ಓದುವಷ್ಟು ಹತ್ತಿರ ಬರುವ ಮುನ್ನವೇ ತವರನ್ನು ಹೇಳಿಬಿಡುತ್ತಿದ್ದ ಇನ್ನೊಂದು ಗುರುತೂ ಇತ್ತು. ಅದು ಬಣ್ಣ. ಭಾರತೀಯ ರೈಲ್ವೆಯ ಡೀಸೆಲ್ ಎಂಜಿನ್ನುಗಳ ಮೂಲ ವಿನ್ಯಾಸ ಅಮೆರಿಕದ್ದು, ತಯಾರಿ ವಾರಾಣಸಿಯದು, ಗುಣಮಟ್ಟದ ನಿಯಮ ಲಖನೌದಲ್ಲಿರುವ ಸಂಶೋಧನಾ ಸಂಸ್ಥೆಯದು. ಹುಬ್ಬಳ್ಳಿಯ ಅಥವಾ ಕೃಷ್ಣರಾಜಪುರಂನ ಕೆಲಸಗಾರ ತನ್ನದೆಂದು ಹೇಳಿಕೊಳ್ಳಬಹುದಾಗಿದ್ದುದು ಬಹುಮಟ್ಟಿಗೆ ಎಂಜಿನ್ನಿನ ಮೇಲೆ ಬಳಿದ ಬಣ್ಣವನ್ನು ಮಾತ್ರ. ವಿದ್ಯುತ್ ತಂತಿ ಬಂದು ಡೀಸೆಲ್ ಹಿಂದೆ ಸರಿಯುತ್ತಿರುವ ಈ ದಿನಗಳಲ್ಲಿ ಹೊಗೆಯ ಜೊತೆಗೆ ಈ ಸ್ಥಳೀಯ ರುಜುವೂ ಅಳಿಸಿಹೋಗುತ್ತಿದೆ.

ಹೆಸರಿನೊಳಗಿನ ಲೆಕ್ಕ

ರೈಲ್ವೆ ಎಂಜಿನ್ನುಗಳ ವರ್ಗಗಳ ಹೆಸರು ಹೊರಗಿನವರಿಗೆ ಒಗಟಿನಂತೆ ಕಾಣುತ್ತದೆ. ಆದರೆ ಅದರ ಸೂತ್ರ ಸರಳ. ‘ಡಬ್ಲ್ಯುಡಿಜಿ-4’ ಎಂಬುದನ್ನು ತೆಗೆದುಕೊಳ್ಳಬಹುದು. ಮೊದಲ ಅಕ್ಷರ ಹಳಿಯ ಅಗಲವನ್ನು ಹೇಳುತ್ತದೆ; ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ವೈ ಎಂದರೆ ಮೀಟರ್ ಗೇಜ್. ಎರಡನೆಯದು ಇಂಧನ, ಡಿ ಎಂದರೆ ಡೀಸೆಲ್. ಮೂರನೆಯದು ಕೆಲಸ, ಜಿ ಎಂದರೆ ಗೂಡ್ಸ್, ಪಿ ಎಂದರೆ ಪ್ರಯಾಣಿಕರ ಗಾಡಿ, ಎಂ ಎಂದರೆ ಎರಡಕ್ಕೂ ಸೈ. ಕೊನೆಯ ಅಂಕಿ ಹಳೆಯ ಎಂಜಿನ್ನುಗಳಲ್ಲಿ ಮಾದರಿಯ ಕ್ರಮಸಂಖ್ಯೆಯಾಗಿತ್ತು. ಈಚಿನವುಗಳಲ್ಲಿ ಅದು ಸಾಮರ್ಥ್ಯದ ಸೂಚನೆ. 4 ಎಂದರೆ 4,000 ಅಶ್ವಶಕ್ತಿಯ ಆಸುಪಾಸು. ಹೀಗೆ ಹೆಸರೇ ಎಂಜಿನ್ನಿನ ಜಾತಕ.

ಇನ್ನೊಂದು ಸಾಮಾನ್ಯ ತಪ್ಪು ಕಲ್ಪನೆಯನ್ನೂ ಇಲ್ಲೇ ನಿವಾರಿಸಬಹುದು. ಇಂಥ ಡೀಸೆಲ್ ಎಂಜಿನ್ನು ಲಾರಿಯಂತೆ ಚಕ್ರವನ್ನು ನೇರವಾಗಿ ತಿರುಗಿಸುವುದಿಲ್ಲ. ಡೀಸೆಲ್ ಉರಿದು ಬರುವ ಶಕ್ತಿ ಮೊದಲು ವಿದ್ಯುತ್ತನ್ನು ಉತ್ಪಾದಿಸುತ್ತದೆ. ಆ ವಿದ್ಯುತ್ತು ಅಚ್ಚುಗಳಿಗೆ ಜೋಡಿಸಿದ ಮೋಟಾರುಗಳನ್ನು ಓಡಿಸುತ್ತದೆ. ಅಂದರೆ ಇದು ತನ್ನ ವಿದ್ಯುತ್ ಕೇಂದ್ರವನ್ನು ತಾನೇ ಹೊತ್ತು ತಿರುಗುವ ವಿದ್ಯುತ್ ಎಂಜಿನ್ನು. ತಂತಿ ಇಲ್ಲದ ಕಡೆ ಎಲ್ಲೆಂದರಲ್ಲಿ ಹೋಗಬಲ್ಲದು ಎಂಬುದೇ ಅದರ ದೊಡ್ಡ ಗುಣ.

ಕಂದುಗೆಂಪು ಮೈ, ಕೆನೆಬಣ್ಣದ ಪಟ್ಟಿ

ಈ ದೇಶದ ಜನರ ಮನಸ್ಸಿನಲ್ಲಿ ಡೀಸೆಲ್ ಎಂಜಿನ್ನಿನ ಚಿತ್ರವನ್ನು ಮೂಡಿಸಿದ್ದು ಡಬ್ಲ್ಯುಡಿಎಂ-2. ಅಮೆರಿಕದ ಸ್ಕೆನೆಕ್ಟಡಿಯಲ್ಲಿದ್ದ ಆಲ್ಕೊ ಕಂಪನಿಯ ವಿನ್ಯಾಸದ ಈ ಎಂಜಿನ್ನುಗಳು 1962ರಿಂದ ಇಲ್ಲಿಗೆ ಬರತೊಡಗಿದವು. ಸಾಮರ್ಥ್ಯ 2,600 ಅಶ್ವಶಕ್ತಿ, 16 ಸಿಲಿಂಡರು, 5,000 ಲೀಟರಿನ ಇಂಧನ ತೊಟ್ಟಿ. ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ತನ್ನ ಮೊದಲ ಎಂಜಿನ್ನನ್ನು 1964ರ ಜನವರಿ 3ರಂದು ಹೊರತಂದಿತು. ಆಲ್ಕೊ ಕಂಪನಿ 1969ರಲ್ಲಿ ಬಾಗಿಲು ಮುಚ್ಚಿತು. ಆದರೆ ಅದರ ಎಂಜಿನ್ನು ವಾರಾಣಸಿಯಲ್ಲಿ ದಶಕಗಳ ಕಾಲ ಹುಟ್ಟುತ್ತಲೇ ಇತ್ತು. ಈ ಒಂದೇ ವರ್ಗದ 2,500ಕ್ಕೂ ಹೆಚ್ಚು ಎಂಜಿನ್ನುಗಳು ತಯಾರಾದವು. ತಾಯಿ ತೀರಿಕೊಂಡ ಮೇಲೂ ಮಕ್ಕಳು ಮೊಮ್ಮಕ್ಕಳು ಬೆಳೆದ ಕಥೆ ಇದು.

ಉಗಿ ಎಂಜಿನ್ನುಗಳು ಬಹುಪಾಲು ಕಪ್ಪಾಗಿದ್ದವು. ಕಲ್ಲಿದ್ದಲಿನ ಮಸಿಯಲ್ಲಿ ಬೇರೆ ಬಣ್ಣ ಉಳಿಯುವುದೂ ಕಷ್ಟವಿತ್ತು. ಡೀಸೆಲ್ ಬಂದಾಗ ಎಂಜಿನ್ನಿಗೆ ಬಣ್ಣವೂ ಬಂತು. ಆರಂಭದ ಡಬ್ಲ್ಯುಡಿಎಂ-2ಗಳು ಕಂದುಗೆಂಪು ಮೈಯಲ್ಲಿ, ನಡುವೆ ಕೆನೆಬಣ್ಣದ ಒಂದು ಉದ್ದ ಪಟ್ಟಿಯೊಂದಿಗೆ ಬಂದವು. ಶಾಲೆಯ ಮಕ್ಕಳು ಬಿಡಿಸುತ್ತಿದ್ದ ರೈಲಿನ ಚಿತ್ರದಲ್ಲಿ ಹೊಗೆ ಬಿಡುವ ಕರಿ ಎಂಜಿನ್ನಿನ ಜಾಗಕ್ಕೆ ಮೆಲ್ಲನೆ ಬಂದು ಕುಳಿತದ್ದು ಈ ಪೆಟ್ಟಿಗೆಯಂಥ ಕೆಂಪು ಎಂಜಿನ್ನು.

ಈ ಬಣ್ಣಗಳು ಬರೀ ಅಲಂಕಾರಕ್ಕಾಗಿ ಇರಲಿಲ್ಲ. ಬಣ್ಣ ಉಕ್ಕನ್ನು ತುಕ್ಕಿನಿಂದ ಕಾಯುತ್ತದೆ. ತಿಳಿಬಣ್ಣದ ಪಟ್ಟಿ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಹಳಿಯ ಮೇಲೆ ಕೆಲಸ ಮಾಡುವ ಗ್ಯಾಂಗ್‌ಮನ್‌ಗೂ, ಗೇಟಿನ ಬಳಿ ಹಳಿ ದಾಟುವವರಿಗೂ ಅದೊಂದು ಎಚ್ಚರಿಕೆ. ಎಣ್ಣೆ ಸೋರಿದರೆ ತಿಳಿಬಣ್ಣದ ಮೇಲೆ ಅದರ ಕಲೆ ತಕ್ಷಣ ಗೋಚರಿಸುತ್ತದೆ.

ಶೆಡ್ಡಿಗೊಂದು ಬಣ್ಣ

ಕಾರ್ಖಾನೆಯಿಂದ ಹೊರಬಂದ ಎಂಜಿನ್ನನ್ನು ರೈಲ್ವೆ ಇಲಾಖೆ ಯಾವುದಾದರೊಂದು ಶೆಡ್ಡಿಗೆ ಒಪ್ಪಿಸುತ್ತದೆ. ಆ ಮೇಲೆ ಅದು ಎಲ್ಲಿ ಓಡಿದರೂ ನಿಗದಿತ ಅವಧಿಗೆ ತನ್ನ ಶೆಡ್ಡಿಗೆ ಮರಳಿ ತಪಾಸಣೆ ಮಾಡಿಸಿಕೊಳ್ಳಬೇಕು. ಅದು ಕೆಟ್ಟು ನಿಂತರೆ ಉತ್ತರ ಹೇಳಬೇಕಾದವರೂ ಆ ಶೆಡ್ಡಿನವರೇ. ಹಾಗಾಗಿ ಎಂಜಿನ್ನು ಇಲಾಖೆಯ ಆಸ್ತಿಯಾದರೂ ಅದರ ಮಾನ ಮರ್ಯಾದೆ ಶೆಡ್ಡಿನದು.

ಈ ಮಾತು ಬಣ್ಣದಲ್ಲಿ ಕಾಣಿಸಿಕೊಂಡಿತು. ವರ್ಷಗಳು ಕಳೆದಂತೆ ಮರುಬಣ್ಣ ಬಳಿಯುವಾಗ ಶೆಡ್ಡುಗಳು ತಮ್ಮದೇ ಮೇಳವಣಿಕೆಗಳನ್ನು ರೂಪಿಸಿಕೊಂಡವು. ಈರೋಡಿನದು ಒಂದು ಬಗೆ, ತಿರುಚಿರಾಪಳ್ಳಿಯ ಪೊನ್ಮಲೈಯದು ಇನ್ನೊಂದು, ಗುಂತಕಲ್ಲಿನದು ಮತ್ತೊಂದು. ಒಂದೇ ವಿನ್ಯಾಸದ, ಒಂದೇ ವರ್ಗದ ಎಂಜಿನ್ನುಗಳು ದೇಶದ ಬೇರೆ ಬೇರೆ ಕಡೆ ಬೇರೆ ಬೇರೆ ಉಡುಪಿನಲ್ಲಿ ಓಡಾಡಿದವು. ಶೆಡ್ಡಿನ ಹೆಸರು, ಲಾಂಛನ, ಎಂಜಿನ್ನಿನ ಐದಂಕಿಯ ಸಂಖ್ಯೆ, ಕಡೆಯ ಬಾರಿ ಪೂರ್ಣ ದುರಸ್ತಿಯಾದ ದಿನಾಂಕ, ಇವೆಲ್ಲ ಬಣ್ಣದ ಮೇಲೆ ಅಚ್ಚಾಗಿ ನಿಲ್ಲುತ್ತಿದ್ದವು. ಭಾರವಾದ ಗೂಡ್ಸ್ ಗಾಡಿಗೆ ಎರಡು ಎಂಜಿನ್ನುಗಳನ್ನು ಜೋಡಿಸಿದಾಗ ಒಂದು ಒಂದೂರಿನ ಬಣ್ಣದ್ದು, ಇನ್ನೊಂದು ಮತ್ತೊಂದೂರಿನದು ಆಗಿರುವುದು ಸಾಮಾನ್ಯ ನೋಟವಾಗಿತ್ತು.

1995ರಲ್ಲಿ ಸರಕು ಸಾಗಣೆಗೆಂದೇ ರೂಪಿಸಿದ, 3,100 ಅಶ್ವಶಕ್ತಿಯ ಹೊಸ ವರ್ಗ ವಾರಾಣಸಿಯಿಂದ ಹೊರಬಂತು. ಮುಂದೆ ಡಬ್ಲ್ಯುಡಿಜಿ-3ಎ ಎಂದು ಹೆಸರಾದ ಇದರ ಮೈಮೇಲೆ ‘ಶಕ್ತಿ’ ಎಂದು ಬರೆದಿರುತ್ತಿತ್ತು. ಇವುಗಳಲ್ಲಿ ಹಲವು ಹಸಿರು ಬಣ್ಣದಲ್ಲಿ ಕಾಣಿಸಿಕೊಂಡವು. ವಂಶ ಮಾತ್ರ ಅದೇ ಆಲ್ಕೊ ವಂಶ.

ಕರ್ನಾಟಕದ ಶೆಡ್ಡುಗಳಲ್ಲಿ ಈ ಆತ್ಮೀಯತೆ ಎದ್ದು ಕಾಣುತ್ತಿದ್ದುದು ಆಯುಧಪೂಜೆಯ ದಿನ. ಉಜ್ಜಿ ತೊಳೆದ ಎಂಜಿನ್ನಿಗೆ ಬಾಳೆಕಂಬ, ಮಾವಿನ ತೋರಣ, ಚೆಂಡುಹೂವಿನ ಹಾರ, ಅರಿಶಿನ ಕುಂಕುಮ. ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಎಂಜಿನ್ನನ್ನು ಒಂದು ಹೆಜ್ಜೆ ಮುಂದೆ ಬಿಡುವ ಸಂಪ್ರದಾಯ. ರೈತ ಎತ್ತಿಗೆ ಮಾಡುವ ಉಪಚಾರವೇ ನೂರು ಟನ್ನಿಗೂ ಮೀರಿದ ಉಕ್ಕಿಗೂ ಸಲ್ಲುತ್ತದೆ. ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ನಾಡಿನಲ್ಲಿ ಎಂಜಿನ್ನಿನ ಬಣ್ಣಕ್ಕೆ ಇಷ್ಟು ಬೆಲೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಹುಬ್ಬಳ್ಳಿಗೆ ಬಂದ ಹೊಸ ತಳಿ

ಆಲ್ಕೊ ವಂಶಕ್ಕೆ ನಿಜವಾದ ಪ್ರತಿಸ್ಪರ್ಧಿ ಬಂದದ್ದು 1999ರಲ್ಲಿ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಎಂಜಿನ್ ವಿಭಾಗದೊಡನೆ ರೈಲ್ವೆ ಇಲಾಖೆ ಮಾಡಿಕೊಂಡ ಒಪ್ಪಂದದಂತೆ 21 ಗೂಡ್ಸ್ ಎಂಜಿನ್ನುಗಳು ಬಂದವು. ಕೆಲವು ಸಿದ್ಧರೂಪದಲ್ಲಿ, ಉಳಿದವು ಬಿಡಿಭಾಗಗಳ ರೂಪದಲ್ಲಿ ಬಂದವು. ತಂತ್ರಜ್ಞಾನವೂ ವಾರಾಣಸಿಗೆ ವರ್ಗವಾಯಿತು. ಇದೇ ಡಬ್ಲ್ಯುಡಿಜಿ-4. ಇದರ ಮೊದಲ ತವರು ಹುಬ್ಬಳ್ಳಿಯ ಡೀಸೆಲ್ ಶೆಡ್. ಇದೇ ಕುಟುಂಬದ ಪ್ರಯಾಣಿಕ ಗಾಡಿಯ ಎಂಜಿನ್ನು ಡಬ್ಲ್ಯುಡಿಪಿ-4 ಕೂಡ 2001ರಲ್ಲಿ ಹುಬ್ಬಳ್ಳಿಗೇ ಬಂತು.

ಹೊಸ ಎಂಜಿನ್ನಿನ ಬಲ 4,000 ಅಶ್ವಶಕ್ತಿ, ತೂಕ 126 ಟನ್, ತೊಟ್ಟಿ 6,000 ಲೀಟರಿನದು. ಇಷ್ಟೇ ಆಗಿದ್ದರೆ ಅದು ದೊಡ್ಡ ಎಂಜಿನ್ನು ಎಂದು ಹೇಳಿ ಮುಗಿಸಬಹುದಿತ್ತು. ಅದರ ವಿಶೇಷ ಮೋಟಾರುಗಳಲ್ಲಿತ್ತು. ಹಳೆಯ ಎಂಜಿನ್ನುಗಳ ನೇರ ವಿದ್ಯುತ್ ಮೋಟಾರಿನ ಬದಲು ಇದರಲ್ಲಿ ಮೂರು ಫೇಸಿನ ಪರ್ಯಾಯ ವಿದ್ಯುತ್ ಮೋಟಾರುಗಳಿದ್ದವು; ಅವುಗಳನ್ನು ಕಂಪ್ಯೂಟರು ನಿಯಂತ್ರಿಸುತ್ತಿತ್ತು. ಏರುಹಾದಿಯಲ್ಲಿ ಭಾರ ಎಳೆಯುವಾಗ ಚಕ್ರ ಹಳಿಯ ಮೇಲೆ ಜಾರುವುದು ಗೂಡ್ಸ್ ಗಾಡಿಯ ಹಳೆಯ ಶತ್ರು. ಚಕ್ರ ಜಾರತೊಡಗಿದ ಕ್ಷಣವೇ ಅದನ್ನು ಗುರುತಿಸಿ ಬಲವನ್ನು ಹದಗೊಳಿಸುವ ವ್ಯವಸ್ಥೆ ಈ ಎಂಜಿನ್ನಿನಲ್ಲಿತ್ತು.

ಈ ಗುಣಕ್ಕೆ ಹುಬ್ಬಳ್ಳಿಯ ಸುತ್ತಮುತ್ತ ಬೇಕಾದಷ್ಟು ಪರೀಕ್ಷೆಗಳು ಕಾದಿದ್ದವು. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಗೆ ಇಳಿಯುವ ಘಾಟಿಯಲ್ಲಿ 37 ಅಡಿಗೆ ಒಂದು ಅಡಿ ಏರು. ಮುರಗಾವ್ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಗೆ ಬರುವ ಕಲ್ಲಿದ್ದಲು ಈ ಏರನ್ನು ಹತ್ತಲೇಬೇಕು. ಮುಂದೆ ಎಳೆಯುವ ಎಂಜಿನ್ನುಗಳಲ್ಲದೆ ಹಿಂದಿನಿಂದ ನೂಕುವ ಎಂಜಿನ್ನುಗಳೂ ಬೇಕಾಗುತ್ತವೆ. ಮಂಗಳೂರಿನ ಹಾದಿಯಲ್ಲಿ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆಯ ನಡುವಿನ 57 ಸುರಂಗಗಳ ಘಾಟಿ 2006ರಲ್ಲಿ ಬ್ರಾಡ್‌ಗೇಜ್ ಹಾದಿಯಾಗಿ ಸರಕು ಸಾಗಣೆಗೆ ತೆರೆದಾಗ ಅಲ್ಲಿಯೂ ಇದೇ ತಳಿಗೆ ಕೆಲಸ ಸಿಕ್ಕಿತು. ದೂಧ್‌ಸಾಗರ ಜಲಪಾತದ ಮುಂದೆ ಕಿತ್ತಳೆ ಮೈ, ಕೆನೆಬಣ್ಣದ ಪಟ್ಟಿಯ ಎಂಜಿನ್ನುಗಳು ಗಾಡಿ ನೂಕುತ್ತಿರುವ ಛಾಯಾಚಿತ್ರಗಳನ್ನು ಅನೇಕರು ನೋಡಿರುತ್ತಾರೆ. ಅದು ಡಬ್ಲ್ಯುಡಿಜಿ-4.

ಹಳೆಯ ಆಲ್ಕೊ ಮತ್ತು ಹೊಸ ‘ಜಿ.ಎಂ.’ ನಡುವಿನ ವ್ಯತ್ಯಾಸ ಕಿವಿಗೂ ತಿಳಿಯುತ್ತಿತ್ತು. ಆಲ್ಕೊ ನಿಂತಲ್ಲೇ ತಾಳ ತಪ್ಪಿದಂತೆ ಗುಡುಗುಡಿಸುತ್ತಿತ್ತು. ಹೊರಡುವಾಗ ದಟ್ಟವಾದ ಕಪ್ಪು ಹೊಗೆ ಉಗುಳುತ್ತಿತ್ತು. ಜಿ.ಎಂ. ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಶೆಡ್ಡಿನ ಕೆಲಸದ ರೀತಿಯೂ ಬದಲಾಯಿತು. ಸದ್ದು ಕೇಳಿ, ಕೈಯಿಟ್ಟು ನೋಡಿ ದೋಷ ಹಿಡಿಯುತ್ತಿದ್ದ ಮೆಕ್ಯಾನಿಕ್ಕುಗಳು ಈಗ ಪರದೆಯ ಮೇಲೆ ಮೂಡುವ ದೋಷದ ಸಂಕೇತಗಳನ್ನು ಓದಲು ಕಲಿತರು. ತಪಾಸಣೆಗಾಗಿ ಎಂಜಿನ್ನು ಶೆಡ್ಡಿಗೆ ಬರಬೇಕಾದ ಅವಧಿಯೂ ದೀರ್ಘವಾಯಿತು.

ಬೆಂಗಳೂರಿನ ಹೊರಅಂಚಿನಲ್ಲಿ

ಕೃಷ್ಣರಾಜಪುರಂ ಶೆಡ್ ಹುಟ್ಟಿದಾಗ ಬೆಂಗಳೂರು ಎರಡು ಗೇಜುಗಳ ಊರಾಗಿತ್ತು. ಮದ್ರಾಸಿನ ಕಡೆಗೆ ಬ್ರಾಡ್‌ಗೇಜ್. ಮೈಸೂರು, ಹುಬ್ಬಳ್ಳಿಗಳ ಕಡೆಗೆ ಮೀಟರ್ ಗೇಜ್. ಒಂದು ಗೇಜಿನಿಂದ ಇನ್ನೊಂದಕ್ಕೆ ಹೋಗುವ ಸರಕನ್ನು ಇಳಿಸಿ ಮತ್ತೆ ಹೇರಬೇಕಿತ್ತು. ತೊಂಬತ್ತರ ದಶಕದಲ್ಲಿ ಗೇಜ್ ಪರಿವರ್ತನೆ ನಡೆದಂತೆ ಬ್ರಾಡ್‌ಗೇಜ್ ಡೀಸೆಲ್‌ಗಳಿಗೆ ಮೈಸೂರು, ಅರಸೀಕೆರೆ, ಹುಬ್ಬಳ್ಳಿಯ ಹಾದಿಗಳು ತೆರೆದುಕೊಂಡವು. ವಿಚಿತ್ರವೆಂದರೆ ಶೆಡ್ಡಿನ ಬಾಗಿಲ ಮುಂದಿನ ಮದ್ರಾಸ್ ಹಾದಿಗೆ ಅದೇ ದಶಕದಲ್ಲಿ ವಿದ್ಯುತ್ ತಂತಿ ಬಂತು. ಮನೆಯ ಮುಂದಿನ ಹಾದಿ ವಿದ್ಯುತ್ತಿಗೆ ಸೇರಿದರೂ ಡೀಸೆಲ್‌ಗಳು ಉಳಿದ ದಿಕ್ಕುಗಳಲ್ಲಿ ದುಡಿದವು.

ಇದೇ ಕಾಲದಲ್ಲಿ ಸುತ್ತಲಿನ ಊರುಗಳ ರೂಪವೂ ಬದಲಾಯಿತು. 1948ರಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆಯ ದೂರವಾಣಿನಗರ ಶೆಡ್ಡಿನ ನೆರೆಯಲ್ಲೇ ಇತ್ತು. ಎಪ್ಪತ್ತರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಸಿಟಿ, ತೊಂಬತ್ತರ ದಶಕದ ಕೊನೆಗೆ ವೈಟ್‌ಫೀಲ್ಡ್‌ನ ಐ.ಟಿ.ಪಿ.ಎಲ್. ಬಂದವು. ಕಂಪ್ಯೂಟರಿನ ಊರು ಎಂದು ಹೆಸರಾದ ಈ ಪಟ್ಟಿಗೂ ಸಿಮೆಂಟು, ಉಕ್ಕು, ಧಾನ್ಯ ಬೇಕೇ ಬೇಕು. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲೇ. ಮುಂದೆ ಆ ವಹಿವಾಟು ವೈಟ್‌ಫೀಲ್ಡ್‌ಗೆ ನೆಲೆ ಬದಲಿಸಿತು. ಇಂಥ ಅಂಗಳಗಳಲ್ಲಿ ಕ್ರೇನು ಮೇಲಿನಿಂದ ಪೆಟ್ಟಿಗೆಗಳನ್ನು ಎತ್ತಬೇಕಾಗುವುದರಿಂದ ತಲೆಯ ಮೇಲೆ ತಂತಿ ಎಳೆಯುವುದು ತೊಡಕು. ಅಲ್ಲಿ ಡೀಸೆಲ್ಲೇ ಅನುಕೂಲ.

ವೈಟ್‌ಫೀಲ್ಡ್‌ಗೂ ಡೀಸೆಲ್ ಎಂಜಿನ್ನಿಗೂ ಇನ್ನೊಂದು ನಂಟಿದೆ. ಜನರಲ್ ಎಲೆಕ್ಟ್ರಿಕ್ ಕಂಪನಿ 2000ದಲ್ಲಿ ಅಲ್ಲಿ ದೊಡ್ಡ ತಂತ್ರಜ್ಞಾನ ಕೇಂದ್ರವನ್ನು ತೆರೆಯಿತು. ರೈಲು ಎಂಜಿನ್ನುಗಳ ವಿನ್ಯಾಸದ ಕೆಲಸವೂ ಅಲ್ಲಿ ನಡೆಯಿತು. ಅದೇ ಕಂಪನಿ 2015ರಲ್ಲಿ 1,000 ಡೀಸೆಲ್ ಎಂಜಿನ್ನುಗಳ ಒಪ್ಪಂದ ಪಡೆದು ಬಿಹಾರದ ಮಢೌರಾದಲ್ಲಿ ಕಾರ್ಖಾನೆ ಕಟ್ಟಿತು. 2019ರಲ್ಲಿ ಈ ಉದ್ಯಮ ವ್ಯಾಬ್‌ಟೆಕ್ ಕಂಪನಿಯ ಪಾಲಾಯಿತು. ಆ ಎಂಜಿನ್ನುಗಳ ನಿರ್ವಹಣೆಗೆ ಗೊತ್ತುಮಾಡಿದ ಊರುಗಳು ಉತ್ತರ ಪ್ರದೇಶದ ರೋಜಾ ಮತ್ತು ಗುಜರಾತಿನ ಗಾಂಧಿಧಾಮ. ಹೀಗೆ ವೈಟ್‌ಫೀಲ್ಡ್‌ನ ಪರದೆಗಳ ಮೇಲೆ ಒಂದು ಪೀಳಿಗೆಯ ಡೀಸೆಲ್ ಎಂಜಿನ್ನಿನ ಕೆಲಸ ನಡೆದಿದ್ದರೆ, ಕೆಲವೇ ಮೈಲಿ ದೂರದ ಶೆಡ್ಡಿನಲ್ಲಿ ಇನ್ನೊಂದು ಪೀಳಿಗೆಯ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವ ಕೆಲಸ ನಡೆದಿತ್ತು. ಎರಡೂ ಒಂದಕ್ಕೊಂದು ಅಪರಿಚಿತ.

ತಂತಿ ಬಂತು, ಬಣ್ಣ ಬದಲಾಯಿತು

2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟದ ಸಮಿತಿ ಬ್ರಾಡ್‌ಗೇಜ್ ಹಾದಿಗಳೆಲ್ಲವನ್ನೂ ವಿದ್ಯುದೀಕರಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಆಮದಾಗುವ ತೈಲದ ಖರ್ಚು ತಗ್ಗಬೇಕು, ಹೊಗೆ ಕಡಿಮೆಯಾಗಬೇಕು, ದಾರಿಯಲ್ಲಿ ಎಂಜಿನ್ ಬದಲಿಸುವ ಕಾಲಹರಣ ತಪ್ಪಬೇಕು ಎಂಬುದು ಕಾರಣ. ಕಾರಣಗಳು ಸರಿಯಾಗಿಯೇ ಇವೆ. ಶೆಡ್ಡಿನ ಸುತ್ತಲಿನ ಮನೆಗಳವರೂ ಕಪ್ಪು ಹೊಗೆಗಾಗಿ ಹಂಬಲಿಸಲಾರರು. ಈಚಿನ ವರ್ಷಗಳಲ್ಲಿ ಮೈಸೂರಿನ ಹಾದಿಗೂ, ಎಲೆಕ್ಟ್ರಾನಿಕ್ ಸಿಟಿಯ ಸಮೀಪದ ಹೀಲಲಿಗೆಯ ಮೂಲಕ ಹೊಸೂರಿಗೆ ಹೋಗುವ ಹಾದಿಗೂ ತಂತಿ ಬಂದಿದೆ. ಕೃಷ್ಣರಾಜಪುರಂ ಶೆಡ್ ಈಗ ವಿದ್ಯುತ್ ಎಂಜಿನ್ನುಗಳನ್ನೂ ನೋಡಿಕೊಳ್ಳುತ್ತದೆ.

ಇದರಿಂದ ಎರಡು ಪ್ರಶ್ನೆಗಳು ಏಳುತ್ತವೆ. ಮೊದಲನೆಯದು ಎಂಜಿನ್ನುಗಳದು. ಡೀಸೆಲ್ ಎಂಜಿನ್ನೊಂದರ ಗೊತ್ತುಪಡಿಸಿದ ಆಯುಷ್ಯ 36 ವರ್ಷ. 2010ರ ಸುಮಾರಿಗೆ ತಯಾರಾದ ಡಬ್ಲ್ಯುಡಿಜಿ-4ಕ್ಕೆ ಇನ್ನೂ ಎರಡು ದಶಕಗಳಷ್ಟು ಬಾಳಿಕೆ ಇದೆ. ಕೆಲಸ ಮಾತ್ರ ಕಡಿಮೆಯಾಗುತ್ತಿದೆ. ವಾರಾಣಸಿಯ ಕಾರ್ಖಾನೆ ‘ಶಕ್ತಿ’ ವರ್ಗದ ಎರಡು ಡೀಸೆಲ್ ಎಂಜಿನ್ನುಗಳನ್ನು 10,000 ಅಶ್ವಶಕ್ತಿಯ ಜೋಡಿ ವಿದ್ಯುತ್ ಎಂಜಿನ್ನಾಗಿ ಪರಿವರ್ತಿಸಿ ತೋರಿಸಿತು. 2019ರ ಫೆಬ್ರುವರಿಯಲ್ಲಿ ಪ್ರಧಾನಿ ಅದಕ್ಕೆ ಹಸಿರು ನಿಶಾನೆ ತೋರಿದರು. 2020ರಲ್ಲಿ 10 ಡೀಸೆಲ್ ಎಂಜಿನ್ನುಗಳನ್ನು ಬಾಂಗ್ಲಾದೇಶಕ್ಕೆ ಕೊಡಲಾಯಿತು. ಅದೇ ವರ್ಷ ವಾರಾಣಸಿಯ ಕಾರ್ಖಾನೆಯ ಹೆಸರಿನಿಂದ ‘ಡೀಸೆಲ್’ ಎಂಬ ಪದವೇ ಹೋಗಿ ‘ಬನಾರಸ್’ ಬಂತು. ತಂತಿ ಕಡಿದು ಬಿದ್ದಾಗ, ಪ್ರವಾಹ ಬಂದಾಗ, ಅಪಘಾತವಾದಾಗ ನೆರವಿಗೆ ಬರುವುದು ಡೀಸೆಲ್ಲೇ ಎಂಬ ಕಾರಣಕ್ಕೆ ಒಂದಷ್ಟನ್ನು ಉಳಿಸಿಕೊಳ್ಳುವ ಅಗತ್ಯವಂತೂ ಇದ್ದೇ ಇದೆ.

ಎರಡನೆಯ ಪ್ರಶ್ನೆ ನೆನಪಿನದು. ವಿದ್ಯುತ್ ಎಂಜಿನ್ನುಗಳ ಉಡುಪು ಬಹುತೇಕ ದೇಶಕ್ಕೆಲ್ಲ ಒಂದೇ. ಡಬ್ಲ್ಯುಎಪಿ-7 ಎಲ್ಲಿ ಕಂಡರೂ ಬಿಳಿ ಮೈ, ಕೆಂಪು ಪಟ್ಟಿ. ಗೂಡ್ಸ್ ಎಳೆಯುವ ಡಬ್ಲ್ಯುಎಜಿ-9 ಸಾಮಾನ್ಯವಾಗಿ ಹಸಿರು. ಅಲ್ಲಲ್ಲಿ ಎಂಜಿನ್ನಿನ ಮೈಗೆ ಜಾಹೀರಾತಿನ ಹೊದಿಕೆಯೂ ಬಂದಿದೆ. ಏಕರೂಪತೆಯಿಂದ ಖರ್ಚು ಕಡಿಮೆ, ನಿರ್ವಹಣೆ ಸುಲಭ. ಆದರೆ ದೂರದಿಂದ ಬರುವ ಎಂಜಿನ್ನನ್ನು ನೋಡಿ ಇದು ಹುಬ್ಬಳ್ಳಿಯದು, ಇದು ಕೃಷ್ಣರಾಜಪುರಂನದು, ಇದು ಗುತ್ತಿಯದು ಎಂದು ಗುರುತಿಸುವ ಸುಖ ಹೊಸ ತಲೆಮಾರಿಗೆ ಇರುವುದಿಲ್ಲ.

ಉಗಿಯ ಕಾಲ ಮುಗಿಯುತ್ತಿದ್ದಾಗ ಅದನ್ನು ಉಳಿಸಬೇಕೆಂಬ ಪ್ರಜ್ಞೆ ಸಕಾಲದಲ್ಲಿ ಮೂಡಿತ್ತು. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ 1977ರಲ್ಲಿ, ಮೈಸೂರಿನದು 1979ರಲ್ಲಿ ಆರಂಭವಾದವು. ಉಗಿ ಎಂಜಿನ್ನುಗಳು ಆಗ ಇನ್ನೂ ಓಡುತ್ತಿದ್ದವು. ಹುಬ್ಬಳ್ಳಿಯಲ್ಲಿ 2020ರಲ್ಲಿ ಮತ್ತೊಂದು ಸಂಗ್ರಹಾಲಯ ತೆರೆಯಿತು. ಡೀಸೆಲ್ ಎಂಜಿನ್ನಿಗೆ ಉಗಿಯ ಸೊಬಗು ಇಲ್ಲ. ಹಾಡು ಕಥೆಗಳಲ್ಲೂ ಅದಕ್ಕೆ ಸಿಕ್ಕ ಜಾಗ ಕಡಿಮೆ. ಆದರೆ ಬರಗಾಲದಲ್ಲಿ ಧಾನ್ಯ, ಬಿತ್ತನೆಗೆ ಗೊಬ್ಬರ, ಮನೆಗೆ ಸಿಮೆಂಟು ಹೊತ್ತು ತಂದದ್ದು ಅದೇ. ಒಂದು ಡಬ್ಲ್ಯುಡಿಎಂ-2, ಒಂದು ಡಬ್ಲ್ಯುಡಿಜಿ-4 ತಮ್ಮ ಶೆಡ್ಡಿನ ಬಣ್ಣದಲ್ಲೇ ಕರ್ನಾಟಕದಲ್ಲಿ ಉಳಿಯಬೇಕು ಎಂಬುದು ದೊಡ್ಡ ಬೇಡಿಕೆಯೇನಲ್ಲ.

ಎಂಜಿನ್ನನ್ನು ಉಳಿಸಲು ಜಾಗ ಬೇಕು, ಹಣ ಬೇಕು. ಬಣ್ಣವನ್ನು ದಾಖಲಿಸಲು ಅಷ್ಟು ಬೇಡ. ಯಾವ ಶೆಡ್ಡು ಯಾವ ವರ್ಷ ಯಾವ ಬಣ್ಣ ಬಳಿಯಿತು, ಪಟ್ಟಿ ಎಷ್ಟು ಅಗಲವಿತ್ತು, ಲಾಂಛನ ಬಿಡಿಸಿದವರು ಯಾರು ಎಂಬುದನ್ನು ಹೇಳಬಲ್ಲ ಪೇಂಟರುಗಳು, ಫಿಟ್ಟರುಗಳು, ಚಾಲಕರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಅನೇಕರು ನಿವೃತ್ತರಾಗಿದ್ದಾರೆ. ರೈಲಿನ ಹವ್ಯಾಸಿ ಛಾಯಾಗ್ರಾಹಕರು ನಿಲ್ದಾಣಗಳ ತುದಿಯಲ್ಲಿ ನಿಂತು ತೆಗೆದ ಚಿತ್ರಗಳೂ ಇವೆ. ಈ ಎರಡನ್ನೂ ಒಂದೆಡೆ ಸೇರಿಸಿದರೆ ಒಂದು ನೋಟ್‌ಪುಸ್ತಕದಷ್ಟು ಇತಿಹಾಸ ಉಳಿಯುತ್ತದೆ. ಮುಂದಿನ ಸಲ ಆ ಎಂಜಿನ್ನುಗಳಿಗೆ ಬೇರೆ ಬಣ್ಣ ಬಳಿಯುವ ಮೊದಲು ಆಗಬೇಕಾದ ಕೆಲಸ ಅದು.